ಚಳಿಗಂಜದ ಜೋಳ

ಕನಕದಾಸರು ಹುಟ್ಟಿದ ಬಾಡ ಗ್ರಾಮ ಶಿಗ್ಗಾಂವಿ ತಾಲೂಕಿನಲ್ಲಿದೆ. ಅವರ ‘ರಾಮಧಾನ್ಯ ಚರಿತೆ’ಯ ಕಥೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ಶ್ರೀರಾಮನ ಮುಂದೆ ಬರುತ್ತದೆ. ರಾಮ ಕೂಡಲೇ ತೀರ್ಪು ಕೊಡುವುದಿಲ್ಲ. ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ಅಕ್ಕಿ ಕಂದಿ ಹೋಗಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ಕವಿ ಇಲ್ಲಿ ಹೇಳಹೊರಟದ್ದು ಮನುಷ್ಯರ ಮೇಲು-ಕೀಳಿನ ಮಾತನ್ನು, ನಿಜ. ಆದರೂ ಆ ಪರೀಕ್ಷೆಯನ್ನು ನೋಡಿದರೆ ಬೇಸಾಯ ಬಲ್ಲ ನಾಡಿನವರು ಕಟ್ಟಿದ ಕಥೆ ಇದು ಎಂದು ತಿಳಿದುಬಿಡುತ್ತದೆ. ಧಾನ್ಯದ ಬೆಲೆಯನ್ನು ಅದರ ಬಣ್ಣದಿಂದಲೋ ರುಚಿಯಿಂದಲೋ ಅಳೆಯದೆ ಕಷ್ಟಕಾಲದಲ್ಲಿ ಅದು ಹೇಗೆ ತಾಳಿಕೊಂಡಿತು ಎಂಬುದರಿಂದ ಅಳೆಯಲಾಗಿದೆ.

ಹೀಗೆ ತಾಳಿಕೊಳ್ಳುವ ಗುಣ ಒಂದು ಗಿಡಕ್ಕೆ ಎಲ್ಲಿಂದ ಬರುತ್ತದೆ? ಅದನ್ನು ಕಾಪಾಡಿಕೊಂಡು ಬಂದವರು ಯಾರು? ಈಗ ಅದು ಎಲ್ಲಿ ಹೋಗುತ್ತಿದೆ? ನಮ್ಮ ಕಡೆ ಈ ಪ್ರಶ್ನೆಗಳನ್ನು ಕೇಳಬೇಕಾದದ್ದು ರಾಗಿಯ ವಿಷಯದಲ್ಲಿ ಅಲ್ಲ, ಜೋಳದ ವಿಷಯದಲ್ಲಿ. ದಿನ ಬೆಳಗಾದರೆ ಎಸರು ಕಾಯಿಸಿ, ಹಿಟ್ಟು ನಾದಿ, ರೊಟ್ಟಿ ಬಡಿಯುವ ನಮಗೆ ಆ ಹಿಟ್ಟಿನ ಜಿಗಿ ಗೊತ್ತು, ಬಿಳುಪು ಗೊತ್ತು. ಅದರ ಚರಿತ್ರೆ ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳು ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ವರ್ಷ ಹಾವೇರಿ ಬೇರೆ ಜಿಲ್ಲೆಯಾದಾಗ ಅದರೊಳಗೆ ಬಂದವು. ಇಂಗ್ಲಿಷರ ಕಾಲದ ದಫ್ತರಗಳಲ್ಲಿ ಹುಡುಕಿದರೆ ಶಿಗ್ಗಾಂವಿ ಸಿಗುವುದು ಬಂಕಾಪುರ ತಾಲೂಕಿನಲ್ಲಿ, ಹಿರೇಕೆರೂರು ಸಿಗುವುದು ಕೋಡ ತಾಲೂಕಿನಲ್ಲಿ. ಸವಣೂರಂತೂ ೧೯೪೮ರವರೆಗೆ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ನಕಾಶೆಯ ಗೆರೆಗಳು ಹೀಗೆ ಬದಲಾದರೂ ಮಳೆಯ ಗೆರೆ ಬದಲಾಗಲಿಲ್ಲ. ಹಾನಗಲ್ಲಿನ ಪಡುವಣ ಭಾಗ ಮಲೆನಾಡಿನ ಸೆರಗು. ಅಲ್ಲಿ ಕೆರೆಗಳು, ಭತ್ತದ ಗದ್ದೆಗಳು. ಒಣ ಮಣ್ಣಿನಲ್ಲೇ ಕೂರಿಗೆಯಿಂದ ಭತ್ತ ಬಿತ್ತಿ ಮಳೆಗೆ ಕಾಯುವ ಪದ್ಧತಿ ಆ ಕಡೆಯದು. ಶಿಗ್ಗಾಂವಿ, ಹಿರೇಕೆರೂರುಗಳಲ್ಲಿ ಅರೆಮಲೆನಾಡಿನ ಮಸಾರಿ ಮಣ್ಣೂ ಉಂಟು, ಎರೆಯೂ ಉಂಟು. ಮುಂಗಾರಿ ಜೋಳ, ಹತ್ತಿ, ಮೆಣಸಿನಕಾಯಿ ಅಲ್ಲಿ ಬೆಳೆದುಬಂದವು. ಮೂಡಣಕ್ಕೆ ಸವಣೂರಿನತ್ತ ಬಂದರೆ ಮಳೆ ಕಡಿಮೆಯಾಗಿ ಬಯಲುಸೀಮೆಯ ಎರೆಹೊಲಗಳು ತೆರೆದುಕೊಳ್ಳುತ್ತವೆ. ಒಂದು ದಿನದ ಬಸ್ ಪ್ರಯಾಣದೊಳಗೆ ಅನ್ನ ಉಣ್ಣುವ ನಾಡಿನಿಂದ ರೊಟ್ಟಿ ತಿನ್ನುವ ನಾಡಿಗೆ ಬಂದುಬಿಡುತ್ತೇವೆ.

ಎರೆಹೊಲದಲ್ಲಿ ಹಿಂಗಾರಿ ಜೋಳ ಬೆಳೆಯುವ ಬಗೆ ಒಂದು ಸೋಜಿಗ. ಮಳೆಗಾಲ ಮುಗಿಯುತ್ತ ಬಂದಾಗ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಅದನ್ನು ಬಿತ್ತುತ್ತಾರೆ. ಆಮೇಲೆ ಹೇಳಿಕೊಳ್ಳುವಂಥ ಮಳೆ ಇಲ್ಲ. ಕರಿಮಣ್ಣು ಹಿಡಿದಿಟ್ಟುಕೊಂಡ ತೇವ ಎಷ್ಟೋ ಅಷ್ಟರಲ್ಲೇ ಗಿಡ ಬೆಳೆದು, ಹೂ ಬಿಟ್ಟು, ಕಾಳು ಕಟ್ಟಬೇಕು. ತೆನೆ ಹಾಯುವ ಹೊತ್ತಿಗೆ ಮಾಗಿಯ ಚಳಿ ಬಂದಿರುತ್ತದೆ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲ, ಆಗ ಬೆಳಗಿನ ಗಾಳಿಗೆ ನಾವು ಸೆರಗು ಹೊದ್ದುಕೊಳ್ಳುತ್ತೇವೆ, ಜೋಳ ಬರಿಮೈಯಲ್ಲಿ ನಿಂತಿರುತ್ತದೆ. ಕೆಳಗೆ ನೀರಿನ ಕೊರತೆ, ಮೇಲೆ ಚಳಿ. ಎರಡನ್ನೂ ತಾಳಿದ ಮೇಲೆ ಬರುವ ಕಾಳೇ ನಮ್ಮ ಬಿಳಿಜೋಳ.

ಇಷ್ಟೆಲ್ಲ ನಮ್ಮದಾದ ಈ ಜೋಳ ಮೂಲತಃ ನಮ್ಮದಲ್ಲ. ಅದರ ತವರು ಆಫ್ರಿಕ. ಸುಡಾನಿನ ಪೂರ್ವ ಭಾಗದಲ್ಲಿ ಐದು ಸಾವಿರ ವರ್ಷಗಳ ಹಿಂದೆಯೇ ಜನ ಅದನ್ನು ಒಕ್ಕಲುತನಕ್ಕೆ ತಂದುಕೊಳ್ಳುತ್ತಿದ್ದರೆಂದು ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹಳೆಯ ಮಡಕೆ ಚೂರುಗಳ ಮಣ್ಣಿನಲ್ಲಿ ಜೋಳದ ಹೊಟ್ಟಿನ ಅಚ್ಚುಗಳು ಉಳಿದಿದ್ದವು. ಅಲ್ಲಿಂದ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದಿತು. ಆಫ್ರಿಕದಿಂದ ಬಂದ ಇನ್ನೊಬ್ಬ ಅತಿಥಿಯನ್ನು ನೋಡಬೇಕಾದರೆ ಸವಣೂರಿಗೆ ಹೋಗಬೇಕು. ಅಲ್ಲಿಯ ದೊಡ್ಡಹುಣಸೆ ಮಠದ ಆವರಣದ ಭಾರಿ ಮರಗಳು ನಿಜಕ್ಕೂ ಹುಣಸೆಯಲ್ಲ, ಬೇವೊಬಾಬ್ ಎಂಬ ಆಫ್ರಿಕದ ಮರಗಳು. ಕಾಂಡದಲ್ಲಿ ನೀರು ತುಂಬಿಕೊಂಡು, ಒಣಗಾಲದಲ್ಲಿ ಎಲೆ ಉದುರಿಸಿ ಸುಮ್ಮನೆ ನಿಂತು ಕಾಲ ಕಳೆಯುವ ಜಾತಿ ಅದು. ಭಾರತದ ಇಂಥ ಮರಗಳ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ೨೦೧೫ರಲ್ಲಿ, ಇವು ಒಂದೇ ಸಲ ಬಂದವಲ್ಲ, ಹಡಗಿನ ವ್ಯಾಪಾರದ ಜೊತೆಗೆ ಬೇರೆ ಬೇರೆ ಕಾಲದಲ್ಲಿ ಬಂದವು ಎಂದು ಕಂಡುಕೊಂಡರು. ೨೦೨೩ರ ಮಳೆಗಾಲದಲ್ಲಿ ಸವಣೂರಿನ ಮೂರು ಮರಗಳಲ್ಲಿ ಒಂದು ಬುಡಸಮೇತ ಉರುಳಿದಾಗ ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನಿಲ್ಲಿಸಿದರು. ಮರ ಬಿದ್ದರೆ ಊರಿಗೆ ಕಾಣುತ್ತದೆ, ಓಡಿಬಂದು ಎತ್ತುತ್ತಾರೆ. ಒಂದು ಬೀಜ ಊರು ಬಿಟ್ಟು ಹೋದರೆ ಯಾರಿಗೂ ಕಾಣುವುದಿಲ್ಲ.

ಹೊರಗಿನಿಂದ ಬಂದ ಜೋಳ ನಮ್ಮ ಎರೆಗೆ, ನಮ್ಮ ಚಳಿಗೆ ಒಗ್ಗಿದ್ದು ಹೇಗೆ? ಎರಡು ಕೈಗಳು ಆ ಕೆಲಸ ಮಾಡಿದವು. ಮೊದಲನೆಯದು ನಿಸರ್ಗದ ಕೈ. ತಾಳದ ಗಿಡಕ್ಕೆ ಕಾಳು ಕಟ್ಟಲಿಲ್ಲ, ಕಾಳಿಲ್ಲದ ಗಿಡಕ್ಕೆ ಮುಂದಿನ ಸಂತಾನವಿರಲಿಲ್ಲ. ಎರಡನೆಯದು ಮನೆಯ ಕೈ. ರಾಶಿಗೆ ಮೊದಲೇ ಒಳ್ಳೆಯ ತೆನೆಗಳನ್ನು ಬೀಜಕ್ಕೆಂದು ತೆಗೆದಿಟ್ಟು, ಒಣಗಿಸಿ, ಬೂದಿ, ಬೇವಿನ ಎಲೆ ಬೆರೆಸಿ ಮಡಕೆಯಲ್ಲೋ ಗುಮ್ಮಿಯಲ್ಲೋ ಮುಚ್ಚಿಡುತ್ತಿದ್ದವರು ಹೆಚ್ಚಾಗಿ ಮನೆಯ ಹೆಂಗಸರು. ರೊಟ್ಟಿ ಹರಿಯದ ಹಿಟ್ಟು ಯಾವ ಕಾಳಿನದು, ದನ ಬಿಡದೆ ತಿನ್ನುವ ಕಣಿಕೆ ಯಾವುದು, ಸೀತನಿಗೆ ಸಿಹಿಯಾಗುವುದು ಯಾವುದು ಎಂದು ಅವರಿಗೆ ಗೊತ್ತಿತ್ತು. ಹೀಗೆ ತಲೆಮಾರುಗಟ್ಟಲೆ ನಡೆದ ಆಯ್ಕೆಯಲ್ಲಿ ಅಡಿಗೆಮನೆಯ ಪಾಲು ಬಹಳ ದೊಡ್ಡದು. ಚರಿತ್ರೆಯ ಪುಸ್ತಕಗಳಲ್ಲಿ ಆ ಪಾಲಿಗೆ ಒಂದು ಸಾಲೂ ಸಿಗುವುದು ಕಷ್ಟ.

ಬರಗಾಲ ಬಂದಾಗ ಈ ಕೆಲಸ ಎಷ್ಟು ಕಠಿಣವಾಗುತ್ತಿತ್ತೆಂದು ಊಹಿಸಿಕೊಳ್ಳಬೇಕು. ೧೭೯೧-೯೨ರ ಬರಕ್ಕೆ ‘ಡೋಗಿ ಬರ’ ಎಂದು ಹೆಸರು, ತಲೆಬುರುಡೆಗಳ ಬರ ಎಂದು ಅರ್ಥ. ೧೮೭೬ರಲ್ಲಿ ಸುರುವಾದ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಧಾರವಾಡ ಜಿಲ್ಲೆ ಬೆಂದುಹೋಯಿತು. ೧೮೭೨ರಲ್ಲಿ ಸುಮಾರು ೯ ಲಕ್ಷ ೮೮ ಸಾವಿರ ಇದ್ದ ಜಿಲ್ಲೆಯ ಜನಸಂಖ್ಯೆ ೧೮೮೧ರ ಎಣಿಕೆಯಲ್ಲಿ ಸುಮಾರು ೮ ಲಕ್ಷ ೮೩ ಸಾವಿರಕ್ಕೆ ಇಳಿದಿತ್ತು. ಒಂಬತ್ತು ವರ್ಷಗಳಲ್ಲಿ ಏರಬೇಕಾದ ಸಂಖ್ಯೆ ಒಂದು ಲಕ್ಷಕ್ಕೂ ಮೇಲೆ ಇಳಿಯಿತೆಂದರೆ ಎಷ್ಟು ಮನೆಗಳ ದೀಪ ಆರಿರಬೇಕು! ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫಸಾಹೇಬರು (೧೮೧೯-೧೮೮೯) ಆ ಕಾಲದಲ್ಲೇ ಬದುಕಿದ್ದವರು. ಅಂಥ ವರ್ಷದಲ್ಲಿ ಹಸಿದ ಮಕ್ಕಳ ಎದುರಿಗೆ, ಬೀಜದ ಮಡಕೆಯನ್ನು ತೆರೆಯಬೇಕೋ ಬೇಡವೋ ಎಂದು ಯೋಚಿಸುತ್ತ ಕುಳಿತ ತಾಯಿಯ ಸಂಕಟಕ್ಕೆ ಯಾವ ಗೆಜೆಟಿಯರಿನಲ್ಲೂ ಲೆಕ್ಕವಿಲ್ಲ. ಆದರೂ ಬರ ಮುಗಿದ ಮೇಲೆ ನಾಡಿನಲ್ಲಿ ಮತ್ತೆ ಜೋಳ ಬಿತ್ತಿದರು. ಯಾರದೋ ಮನೆಯಲ್ಲಿ ಬೀಜ ಉಳಿದಿತ್ತು ಎಂದೇ ಅದರ ಅರ್ಥ.

ಇಪ್ಪತ್ತನೆಯ ಶತಮಾನದಲ್ಲಿ ಸರಕಾರಿ ಸಂಶೋಧನಾ ಕೇಂದ್ರಗಳು ಈ ಕೆಲಸಕ್ಕೆ ಕೈ ಹಾಕಿದವು. ಧಾರವಾಡದಲ್ಲಿ ಹತ್ತಿಗೆ ಮೊದಲ ಮನ್ನಣೆ. ೧೮೪೦ರ ದಶಕದಲ್ಲೇ ಅಮೇರಿಕದ ಹತ್ತಿಯನ್ನು ತಂದು ಈ ನೆಲದಲ್ಲಿ ಬೆಳೆಸಿ ನೋಡಿದ್ದರು. ಮುಂದೆ ಜಿ.ಎಲ್. ಕೊಟ್ಟೂರರು ಇಲ್ಲಿಯದೇ ಕುಮಟಾ ಹತ್ತಿಯನ್ನು ಅಭ್ಯಾಸ ಮಾಡಿ ಸುಧಾರಿಸಿದರು. ಸೊರಗು ರೋಗವನ್ನು ತಾಳುವ ‘ಜಯವಂತ’ ತಳಿ ಆ ಕೆಲಸದ ಫಲ. ಜೋಳದ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಸೊಲ್ಲಾಪುರ ಜಿಲ್ಲೆಯ ಮೊಹೋಳ ಕೇಂದ್ರ. ಆಗ ಅದೂ ನಮ್ಮ ಮುಂಬಯಿ ಪ್ರಾಂತದಲ್ಲೇ ಇತ್ತು. ೧೯೩೦ರ ದಶಕದಲ್ಲಿ ಅಲ್ಲಿಯವರು ಹೊಲಗಳಲ್ಲಿದ್ದ ಮಾಲದಂಡಿ ಜೋಳದಿಂದ ಉತ್ತಮ ಗಿಡಗಳನ್ನು ಆರಿಸಿ ‘ಎಂ. ೩೫-೧’ ಎಂಬ ತಳಿಯನ್ನು ಹೊರತಂದರು. ಅದು ಪ್ರಯೋಗಶಾಲೆಯಲ್ಲಿ ಹುಟ್ಟಿದ ತಳಿಯಲ್ಲ. ರೈತರ ಮನೆಗಳಲ್ಲಿ ಆಗಲೇ ಇದ್ದುದನ್ನು ಆರಿಸಿ, ಶುದ್ಧಮಾಡಿ, ಹೆಸರಿಟ್ಟದ್ದು. ತೊಂಬತ್ತು ವರ್ಷಗಳ ಸುಮಾರಿಗೆ ಬಂದರೂ ಹಿಂಗಾರಿ ಜೋಳವೆಂದರೆ ಬಹಳ ಕಡೆ ಇಂದಿಗೂ ಮಾಲದಂಡಿಯೇ.

ಇದಕ್ಕೆ ಬದಲಿ ಹುಡುಕಲಿಲ್ಲವೆಂದಲ್ಲ. ೧೯೬೪ರಲ್ಲಿ ಸಿ.ಎಸ್.ಎಚ್.-೧ ಎಂಬ ಹೈಬ್ರಿಡ್ ಜೋಳ ದೇಶಕ್ಕೆ ಬಂದಿತು. ಮುಂಗಾರಿಯಲ್ಲಿ ಅದು, ಅದರ ತಮ್ಮಂದಿರು ಇಳುವರಿಯ ಲೆಕ್ಕವನ್ನೇ ಬದಲಿಸಿದರು. ಗಿಡ್ಡ ಗಿಡ, ತುಂಬು ತೆನೆ. ಹಿಂಗಾರಿಯಲ್ಲಿ ಮಾತ್ರ ಈ ಗೆಲುವು ಸಿಗಲಿಲ್ಲ. ಸುಳಿನೊಣದ ಕಾಟ ಒಂದು ಕಡೆ, ಚಳಿ ಇನ್ನೊಂದು ಕಡೆ. ಹೈಬ್ರಿಡ್ ಬೀಜ ತಯಾರಿಸಲು ಪರಾಗವಿಲ್ಲದ ತಾಯಿಗಿಡವನ್ನು ಬಳಸುತ್ತಾರೆ. ತಂದೆಗಿಡದಿಂದ ಬಂದ ವಂಶವಾಹಿಗಳು ಮುಂದಿನ ಪೀಳಿಗೆಯಲ್ಲಿ ಪರಾಗವನ್ನು ಮತ್ತೆ ಹುಟ್ಟಿಸಬೇಕು. ರಾತ್ರಿಯ ಚಳಿ ಹೆಚ್ಚಾದಾಗ ಈ ಏರ್ಪಾಡು ಕೈಕೊಡುತ್ತಿತ್ತು. ಪರಾಗದ ಕಣಗಳಿಗೆ ಪಿಷ್ಟ ತುಂಬುವ ನಾಜೂಕಿನ ದಿನಗಳಲ್ಲಿ ಚಳಿ ಹೊಡೆದರೆ ಅವು ಜೊಳ್ಳಾಗುತ್ತವೆ, ತೆನೆ ನಿಂತರೂ ಕಾಳು ಕಟ್ಟುವುದಿಲ್ಲ. ಮಾಲದಂಡಿ ಅದೇ ಚಳಿಯಲ್ಲಿ ಕಾಳು ತುಂಬಿಕೊಂಡು ನಿಂತಿರುತ್ತಿತ್ತು. ಹೈಬ್ರಿಡ್ ಕಾಳಿನ ರೊಟ್ಟಿ ಹರಿಯುತ್ತದೆ, ರುಚಿಯಿಲ್ಲ ಎಂದು ಮನೆಮನೆಯ ಹೆಂಗಸರು ಹೇಳಿದ್ದೂ ಅದೇ ಕಾಲದಲ್ಲಿ. ವಿಜ್ಞಾನಿಗಳು ಆ ಮಾತನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು.

ಚಳಿ ತಾಳುವ ಗುಣ ಗಿಡಕ್ಕೆ ಹೇಗೆ ಬರುತ್ತದೆಂಬ ಪ್ರಶ್ನೆಗೆ ಜಗತ್ತಿನಲ್ಲಿ ಒಬ್ಬ ದೊಡ್ಡ ವಿಜ್ಞಾನಿ ಪ್ರಾಣವನ್ನೇ ತೆತ್ತಿದ್ದಾನೆ. ರಶಿಯದಲ್ಲಿ ಲೈಸೆಂಕೊ ಎಂಬವನು ೧೯೨೦ರ ದಶಕದ ಕೊನೆಯಲ್ಲಿ ಹೆಸರಿಗೆ ಬಂದ. ಗೋದಿಯ ಬೀಜವನ್ನು ತೋಯಿಸಿ ಚಳಿಯಲ್ಲಿಟ್ಟು ಪಳಗಿಸಿದರೆ ಆ ಗುಣ ಮುಂದಿನ ಸಂತಾನಕ್ಕೂ ಇಳಿಯುತ್ತದೆಂದು ಸಾರಿದ. ಸ್ಟಾಲಿನ್ನನ ಸರಕಾರಕ್ಕೆ ಈ ಮಾತು ಹಿಡಿಸಿತು. ನಿಕೊಲಾಯ್ ವಾವಿಲೋವ್ ಒಪ್ಪಲಿಲ್ಲ. ತಾಳುವ ಗುಣ ವಂಶವಾಹಿಗಳಲ್ಲಿರುತ್ತದೆ, ಅದನ್ನು ಜಗತ್ತಿನ ರೈತರ ಹೊಲಗಳಲ್ಲಿ ಹುಡುಕಿ ತರಬೇಕು ಎಂಬುದು ಆತನ ವಾದ. ಹಾಗೆಯೇ ದೇಶದೇಶ ತಿರುಗಿ, ೧೯೨೭ರಲ್ಲಿ ಇಥಿಯೋಪಿಯಕ್ಕೂ ಹೋಗಿ ಬೀಜ ಕೂಡಿಸಿದ. ೧೯೪೦ರಲ್ಲಿ ಆತನನ್ನು ಬಂಧಿಸಿದರು. ೧೯೪೩ರ ಜನವರಿಯಲ್ಲಿ ಸರಾತೋವ್ ಸೆರೆಮನೆಯಲ್ಲಿ ಆತ ತೀರಿಕೊಂಡ. ಅದೇ ಯುದ್ಧಕಾಲದಲ್ಲಿ ಲೆನಿನ್‌ಗ್ರಾಡಿಗೆ ಮುತ್ತಿಗೆ ಬಿದ್ದಾಗ ಆತನ ಸಂಗ್ರಹವನ್ನು ಕಾಯುತ್ತಿದ್ದ ಸಹೋದ್ಯೋಗಿಗಳಲ್ಲಿ ಕೆಲವರು ಕಾಳಿನ ಚೀಲಗಳ ನಡುವೆಯೇ ಹಸಿವಿನಿಂದ ಸತ್ತರು, ಬೀಜ ಮುಟ್ಟಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಧಾತು-ಈಶ್ವರ ಬರದ ಬೀಜದ ಮಡಕೆಗಳೇ ಕಣ್ಣಮುಂದೆ ಬರುತ್ತವೆ.

ವಾವಿಲೋವನ ಮಾತು ನಿಜವೆಂದು ಕಾಲ ತೋರಿಸಿತು. ಅಮೇರಿಕದ ಮೈಕೆಲ್ ಥಾಮಶೋ, ಜಪಾನಿನ ಕಾಜುಓ ಶಿನೊಜಾಕಿ ಮತ್ತು ಕಾಜುಕೊ ಯಾಮಾಗುಚಿ-ಶಿನೊಜಾಕಿ ಇವರ ತಂಡಗಳು ೧೯೯೦ರ ದಶಕದಲ್ಲಿ ಸಾಸಿವೆಯ ಬಳಗದ ಒಂದು ಪುಟ್ಟ ಗಿಡದಲ್ಲಿ ಚಳಿಯ ಕೀಲಿಕೈಯನ್ನು ಹುಡುಕಿದವು. ಗಿಡದ ಜೀವಕೋಶದಲ್ಲಿ ಕೆಲವು ವಂಶವಾಹಿಗಳು ಯಜಮಾನಿಯರಂತೆ ಇರುತ್ತವೆ. ಚಳಿ ತಾಕಿದೊಡನೆ ಅವು ಎಚ್ಚರಗೊಂಡು ಇನ್ನೂ ಹತ್ತಾರು ವಂಶವಾಹಿಗಳನ್ನು ಕೆಲಸಕ್ಕೆ ಹಚ್ಚುತ್ತವೆ. ಒಂದು ಸಕ್ಕರೆಯಂಥ ವಸ್ತುಗಳನ್ನು ಕೂಡಿಸುತ್ತದೆ, ಇನ್ನೊಂದು ಕೋಶದ ಪೊರೆಯನ್ನು ಕಾಯುತ್ತದೆ. ಇವರೊಬ್ಬರು ಆ ಯಜಮಾನಿಯರ ಒಂದು ಗುಂಪನ್ನು ಸಿ.ಬಿ.ಎಫ್. ಎಂದರು, ಇನ್ನೊಬ್ಬರು ಡ್ರೆಬ್ ಎಂದರು, ಎರಡೂ ಒಂದೇ. ಅದರ ಬಳಗದ ಇನ್ನು ಕೆಲವು ನೀರಿನ ಕೊರತೆಗೂ ಎಚ್ಚರಗೊಳ್ಳುತ್ತವೆ. ಇದರಲ್ಲಿ ಆಶ್ಚರ್ಯವಿಲ್ಲ. ಹಿಮಗಟ್ಟುವ ಚಳಿಯಲ್ಲಿ ಮಂಜುಗಡ್ಡೆ ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೋಶದ ಪಾಲಿಗೆ ಚಳಿಯೂ ಒಂದು ಬರವೇ.

ಆ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಕಂಡಿತು. ಈ ಯಜಮಾನಿಯನ್ನು ಹಗಲೂ ರಾತ್ರಿ ಎಚ್ಚರವಾಗಿಟ್ಟರೆ ಗಿಡ ಚಳಿ, ಬರ ಎರಡನ್ನೂ ತಾಳುತ್ತದೆ, ಆದರೆ ಕುಳ್ಳಗಾಗಿ ಉಳಿಯುತ್ತದೆ. ಸುಗ್ಗಿಯಲ್ಲೂ ಬರಗಾಲದ ಅಳತೆಯಲ್ಲೇ ಅಡಿಗೆ ಮಾಡುವ ಮನೆಯಲ್ಲಿ ಮಕ್ಕಳು ಬೆಳೆಯುತ್ತವೆಯೇ? ೧೯೯೯ರಲ್ಲಿ ಜಪಾನಿನ ತಂಡ, ಕಷ್ಟ ಬಂದಾಗ ಮಾತ್ರ ಅದು ಎಚ್ಚರಗೊಳ್ಳುವಂತೆ ಏರ್ಪಾಡು ಮಾಡಿತು, ಗಿಡ ಚೆನ್ನಾಗಿ ಬೆಳೆಯಿತು. ಯಾವಾಗ ಬಿಗಿ ಹಿಡಿಯಬೇಕು, ಯಾವಾಗ ಸಡಿಲ ಬಿಡಬೇಕು ಎಂದು ತಿಳಿಯುವುದರಲ್ಲೇ ಸಂಸಾರದ ಜಾಣತನ ಇದೆಯಲ್ಲವೇ?

ನಮ್ಮ ಜೋಳ ಉಷ್ಣದೇಶದ ಬೆಳೆ. ಹಿಮ ಬಿದ್ದರೆ ಅದು ಉಳಿಯದು. ಅದರ ತಾಳ್ಮೆ ಒಂದೇ ವಂಶವಾಹಿಯ ಕೊಡುಗೆಯೂ ಅಲ್ಲ, ಅನೇಕವು ಕೂಡಿ ನಡೆಸುವ ಸಂಸಾರ. ಬಿಸಿಲಲ್ಲಿ ಎಲೆ ಸುರುಳಿಯಾಗುತ್ತದೆ. ದಂಟಿನ ಮೇಲೆ ಬಿಳಿ ಮೇಣದ ಪುಡಿ ಕಟ್ಟುತ್ತದೆ. ನೀರು ಬತ್ತಿದರೆ ಬೆಳವಣಿಗೆ ನಿಲ್ಲಿಸಿ, ಹನಿ ಬಿದ್ದೊಡನೆ ಮತ್ತೆ ಚಿಗುರುತ್ತದೆ. ನೀರಿಲ್ಲದೆ ಕುಗ್ಗಿದ ಎಳೆಯ ಜೋಳಕ್ಕೆ ದನ ಬಿಡಬಾರದೆಂದು ಹಿರಿಯರು ಹೇಳುವುದೂ ನಿಜವೇ, ಆಗ ಅದರಲ್ಲಿ ಸಯನೈಡ್ ವಿಷ ಹೆಚ್ಚುತ್ತದೆ. ಇಥಿಯೋಪಿಯದ ಒಂದು ಜೋಳದಿಂದ ಬಂದ ಸಾಲಿನಲ್ಲಿ, ಕಾಳು ಮಾಗುವವರೆಗೂ ಎಲೆ ಹಸಿರಾಗಿಯೇ ಉಳಿಯುವ ಗುಣವನ್ನು ವಿಜ್ಞಾನಿಗಳು ಗುರುತಿಸಿದರು. ಅದಕ್ಕೆ ಕಾರಣವಾದ ನಾಲ್ಕು ಮುಖ್ಯ ಜಾಗಗಳನ್ನು ವಂಶವಾಹಿಗಳ ನಕಾಶೆಯಲ್ಲಿ ಹಿಡಿದರು. ಆ ಗಿಡದ ಗುಟ್ಟು ಸರಳವಾದದ್ದು. ಎಳವೆಯಲ್ಲಿ ಅತಿಯಾಗಿ ಎಲೆ, ಮರಿ ಬಿಡದೆ, ನೆಲದ ನೀರನ್ನು ಕಾಳು ತುಂಬುವ ದಿನಗಳಿಗೆ ಉಳಿಸಿಕೊಳ್ಳುತ್ತದೆ. ತಿಂಗಳ ಮೊದಲ ವಾರವೇ ಕೈ ಬಿಗಿ ಹಿಡಿದು ಕೊನೆಯ ವಾರಕ್ಕೆ ಉಳಿಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ೨೦೦೯ರಲ್ಲಿ ಜೋಳದ ಇಡೀ ವಂಶವಾಹಿಗಳ ಲಿಪಿಯನ್ನೇ ಓದಿದ್ದಾಯಿತು. ಭತ್ತದಲ್ಲೂ ಇಂಥ ಕೆಲಸ ನಡೆದು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ವಂಶವಾಹಿಯ ಗುರುತು ಹಿಡಿದು ಆರಿಸಿದ, ಕಡಿಮೆ ನೀರಿನಲ್ಲಿ ಬೆಳೆಯುವ ‘ಶಾರದಾ’ ತಳಿಯನ್ನು ೨೦೦೭ರಲ್ಲಿ ಬಿಡುಗಡೆ ಮಾಡಿತು.

ಇಷ್ಟೆಲ್ಲ ತಿಳಿವಳಿಕೆ ಬಂದ ಕಾಲದಲ್ಲೇ ನಮ್ಮ ಹೊಲಗಳಲ್ಲಿ ಬೇರೊಂದು ಬದಲಾವಣೆ ನಡೆಯಿತು. ೧೯೭೨ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿಯನ್ನು ರೂಪಿಸಿದರು, ೧೯೮೧ರಲ್ಲಿ ‘ಜಯಲಕ್ಷ್ಮಿ’ ಬಂದಿತು. ಇವುಗಳ ಬೀಜವನ್ನು ಮನೆಯಲ್ಲಿ ತೆಗೆದಿಡಲು ಬರುವುದಿಲ್ಲ, ವರ್ಷ ವರ್ಷ ಕೊಳ್ಳಬೇಕು. ಆ ಬೀಜವನ್ನು ತಯಾರಿಸುವ ಕೆಲಸ ರಾಣೇಬೆನ್ನೂರು, ಹಾವೇರಿ, ಹಿರೇಕೆರೂರು ಕಡೆ ದೊಡ್ಡ ಉದ್ಯೋಗವಾಯಿತು. ಸಂಜೆ ಹೊತ್ತು ಮೊಗ್ಗು ಬಿಡಿಸಿ ಕೇಸರ ಕಿತ್ತು, ಮರುದಿನ ಮುಂಜಾನೆ ಇನ್ನೊಂದು ಹೂವಿನ ಪರಾಗ ಒರೆಸುವ ನಾಜೂಕಿನ ಕೆಲಸಕ್ಕೆ ಹೆಂಗಸರ, ಹುಡುಗಿಯರ ಬೆರಳುಗಳೇ ಬೇಕಾದವು. ಕೂಲಿ ಬಂದಿತು, ಅದನ್ನು ಹಗುರ ಮಾಡಬಾರದು. ಆದರೆ ಯಾವ ಬೀಜ ಒಳ್ಳೆಯದು ಎಂದು ನಿರ್ಧರಿಸುತ್ತಿದ್ದ ಹೆಣ್ಣು ಈಗ ಇನ್ನೊಬ್ಬರು ನಿರ್ಧರಿಸಿದ ಬೀಜಕ್ಕೆ ದಿನಗೂಲಿಯವಳಾದಳು. ಬೀಜದ ಜೊತೆಗಿನ ಅವಳ ಸಂಬಂಧದಲ್ಲಿ ಇದು ದೊಡ್ಡ ತಿರುವು.

೨೦೦೨ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿತು. ಗೋವಿನಜೋಳ ಹಾವೇರಿ ಜಿಲ್ಲೆಯ ಮುಖ್ಯ ಬೆಳೆಯಾಯಿತು. ರೈತನನ್ನು ದೂರುವಂತಿಲ್ಲ. ಗೋವಿನಜೋಳಕ್ಕೆ ಮಾರುಕಟ್ಟೆ ಇದೆ, ಕೊಯ್ಲಿಗೆ ಯಂತ್ರವಿದೆ. ಬಿಳಿಜೋಳ ಕೀಳಲು ಆಳು ಸಿಗುವುದಿಲ್ಲ, ಹಕ್ಕಿ ಕಾಯುವವರಿಲ್ಲ. ಆದರೆ ಗೋವಿನಜೋಳಕ್ಕೆ ಮಳೆ ಬೇಕು, ಗೊಬ್ಬರ ಬೇಕು. ಮಳೆ ತಪ್ಪಿದ ೨೦೨೩ರಂಥ ವರ್ಷದಲ್ಲಿ ಅದಕ್ಕೆ ತಾಳಿಕೊಳ್ಳುವ ಶಕ್ತಿ ಕಡಿಮೆ. ಅದೇ ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತ್ತು. ಪೇಟೆಯ ಅಂಗಡಿಗಳಲ್ಲಿ ಜೋಳಕ್ಕೆ ಬಣ್ಣದ ಪೊಟ್ಟಣ ಬಂದಿತು, ಹೊಲದಲ್ಲಿ ಜೋಳದ ಸಾಲು ಮಾತ್ರ ಹಿಂದೆ ಸರಿಯುತ್ತಲೇ ಇತ್ತು.

ಹೈದರಾಬಾದಿನ ಹತ್ತಿರ ಪಟನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪನೆಯಾದ ಇಕ್ರಿಸಾಟ್ ಸಂಸ್ಥೆಯ ಬೀಜಭಂಡಾರದಲ್ಲಿ ಜೋಳದ ೩೫,೦೦೦ಕ್ಕೂ ಹೆಚ್ಚು ಮಾದರಿಗಳಿವೆ. ಅದು ನೆಮ್ಮದಿಯ ಮಾತೇ. ಆದರೆ ತಣ್ಣನೆಯ ಕೋಣೆಯಲ್ಲಿ ಮಲಗಿದ ಬೀಜ ಈ ವರ್ಷದ ಚಳಿಯನ್ನು, ಈ ವರ್ಷದ ಒಣಗಾಳಿಯನ್ನು ಕಾಣುವುದಿಲ್ಲ. ಹೊಲದಲ್ಲಿ ವರ್ಷ ವರ್ಷ ಬಿತ್ತಿದ ಬೀಜ ಮಾತ್ರ ಕಾಲ ಬದಲಾದಂತೆ ತಾನೂ ಹೊಂದಿಕೊಳ್ಳುತ್ತ ಹೋಗುತ್ತದೆ. ಆದ್ದರಿಂದ ಭಂಡಾರವೂ ಬೇಕು, ಹೊಲವೂ ಬೇಕು. ಹೊಲದಲ್ಲಿ ಉಳಿಯಬೇಕಾದರೆ ಕೊಳ್ಳುವವರು ಬೇಕು.

ಇಲ್ಲಿ ಪಟ್ಟಣದ ನಮ್ಮ ಪಾಲೂ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಈಗ ಬೀಜ ಕಟ್ಟಿಡುವುದಿಲ್ಲ, ಕಾಳು ಹಸನು ಮಾಡುವುದೂ ಕಡಿಮೆಯಾಗಿದೆ, ಎಷ್ಟೋ ಮನೆಗಳಿಗೆ ರೊಟ್ಟಿಯೂ ಹೊರಗಿನಿಂದಲೇ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆ ರೊಟ್ಟಿ ಬಡಿದು ಬದುಕುವವಳೂ ಒಬ್ಬ ಹೆಣ್ಣುಮಗಳೇ. ಆದರೆ ಸಂತೆಯಲ್ಲಿ ಸೇರು ಜೋಳ ಕೊಳ್ಳುವಾಗ ಇದು ಮಾಲದಂಡಿಯೋ ಬೇರೆಯೋ, ಯಾವ ಊರ ಎರೆಯದು ಎಂದು ಒಂದು ಮಾತು ಕೇಳಬಹುದು. ಒಳ್ಳೆಯ ಹಿಂಗಾರಿ ಜೋಳಕ್ಕೆ ನಾಲ್ಕು ರೂಪಾಯಿ ಹೆಚ್ಚು ಕೊಡಬಹುದು. ಹಳ್ಳಿಯಲ್ಲಿರುವ ಅತ್ತೆಯೋ ಚಿಗವ್ವನೋ ಇನ್ನೂ ಬೀಜದ ತೆನೆ ತೆಗೆದಿಡುತ್ತಿದ್ದರೆ ಹೇಗೆ ಆರಿಸುತ್ತಾರೆ, ಹೇಗೆ ಕಾಯುತ್ತಾರೆ ಎಂದು ಕೇಳಿ ಬರೆದಿಡಬಹುದು. ನಾಲ್ಕು ಸಾವಿರ ವರ್ಷಗಳಿಂದ ಕೈಯಿಂದ ಕೈಗೆ ದಾಟಿಬಂದ ಒಂದು ತಿಳಿವಳಿಕೆ ನಮ್ಮ ತಲೆಮಾರಿಗೆ ನಿಲ್ಲಬಾರದು.